ಮಣಿಕಟ್ಟು

ಪತ್ರಿಕೆಯ ಚಿತ್ರದಲ್ಲಿ ಎಲೆಗೆ ಐದು ಬೆರಳು,
ಪಕ್ಕಕ್ಕೊಂದು ಕುಂಬಳ, ಟೊಪ್ಪಿಯಿಟ್ಟ ಯಾವುದೋ ಕಾಯಿ.
ಶರತ್ಕಾಲದ ಮಣಿಪಿನ್ನು: ನೀವೇ ಮಾಡಿ, ಬೇಕಾದವರಿಗೆ ಕೊಡಿ.
ತಲೆಯೆತ್ತಿ ಹೊರಗೆ ನೋಡಿದೆ.
ಕೋಡಿಬಾಗದ ಅಕ್ಟೋಬರ್:
ಬೆವರು, ಒಣಹಾಕಿದ ಬಲೆ, ಬಲೆಯ ಮೇಲೆ ಕಾಗೆ.
ಯಾವ ಮರಕ್ಕೂ ಏನನ್ನೂ ಉದುರಿಸುವ ಅವಸರವಿಲ್ಲ.

ರಸ್ತೆಯಂಚಿನ ಕಾಡುಬಾದಾಮಿಗೆ ಮಾತ್ರ
ಯಾವ ತಿಂಗಳಾದರೂ ಎರಡೆಲೆ ಕೆಂಪಿರಲೇಬೇಕು,
ಕವಳ ಬಿಡಲಾರದವಳ ತುಟಿಯಂತೆ.
ಒಂದನ್ನು ಹೆಕ್ಕಿ ತಂದು
ಜೂನಿನಿಂದ ಮುಸುಕು ಹೊದ್ದ ಹೊಲಿಗೆ ಮಶೀನಿನ ಮೇಲಿಟ್ಟೆ.
ಬೆರಳಿಲ್ಲ. ಬರೀ ಅಂಗೈ.
ಇದೇ ಸಾಕು.

ಮಣಿ ಬೇಕೆಂದರೆ ರವಿವಾರದ ಸಂತೆ.
ಬುದವಂತಿ ಗೌಡ ಹರಿವೆ ಕಟ್ಟುಗಳ ಹಿಂದೆ ಕೂತಿದ್ದಳು,
ಗಲ್ಲದಿಂದ ಎದೆಯವರೆಗೂ ಮಣಿ.
ಎಲೆಯನ್ನು ಆಚೆ ಈಚೆ ತಿರುಗಿಸಿ ಅಂದಳು:
"ಬರೀ ಕೆಂಪು ತಕಂಡ್ರೆ ಎಲೆ ಆಗೂದಿಲ್ಲ, ಗಾಯ ಆಗ್ತದೆ.
ಹಳದಿ ಬೇಕು, ಕೊಳೆತ ಕಂದು ಬೇಕು,
ಒಂದು ಕಪ್ಪು, ಹುಳ ತಿಂದಲ್ಲಿಗೆ."

ಅಂಗಡಿಯವನು ಮಣಿಯನ್ನು ಚಹಾ ಲೋಟದಲ್ಲಿ ಅಳೆದ.
ದಾರ ಮೈದುನನದು, ತಂಗೂಸಿ,
ಇಸ್ವಾಣ ಎಳೆದರೂ ಹರಿಯದ್ದು.
ಮಣಿಯ ಕಣ್ಣು ಸಾಸಿವೆಗಿಂತ ಸಣ್ಣ,
ಹಿಡಿದರೆ ಜಾರುತ್ತದೆ, ಜಾರಿದರೆ ಮಂಚದ ಕೆಳಗೆ.
ಇರುವೆಯೊಂದು ಬಂದು ಮೂಸಿ ಹೋಯಿತು. ಸಿಹಿಯಲ್ಲ.
ಮೊದಲ ಎಲೆಗೆ ಎರಡು ಸಂಜೆ ಹಿಡಿಯಿತು.
ಸುರುಟಿಕೊಂಡು, ಮೀಸೆ ಬಿಟ್ಟುಕೊಂಡು ಕೂತಿತ್ತು.
ಪಕ್ಕದ ಮನೆಯ ಪ್ರತೀಕ್ಷಾ ಚಪ್ಪಾಳೆ ತಟ್ಟಿದಳು:
"ಅತ್ತೆ, ಶೆಟ್ಲಿ!"

ಬಿಚ್ಚಲಿಲ್ಲ. ಎರಡನೆಯದು ಶುರು ಮಾಡಿದೆ.
ಡಾಕ್ಟರು ಹೇಳಿದ್ದೇ ಅಷ್ಟು:
ಸಣ್ಣದನ್ನು ಹಿಡಿಯಿರಿ, ಬಿಡಿ, ಮತ್ತೆ ಹಿಡಿಯಿರಿ,
ಮಣಿಕಟ್ಟಿಗೆ ನೆನಪು ಬರಬೇಕು.

ಬೈತಖೋಲದ ದಕ್ಕೆಯಲ್ಲಿ, ಮೊದಲ ಮಳೆಯ ಪಾಚಿ.
ಬಿದ್ದದ್ದು ಅರ್ಧ ಗಳಿಗೆ,
ಆಮೇಲೆ ನಲವತ್ತು ದಿನ.
ಊರ ಹೆಂಗಸರ ರವಿಕೆಗೆಲ್ಲ ಹುಕ್ಕು ಹೊಲಿದವಳಿಗೆ
ತನ್ನ ಹುಕ್ಕು ಎಟುಕಲಿಲ್ಲ.
ಬೆಳಿಗ್ಗೆ ರೊಸಾಲಿನ್ ಬಾಯಿ ಇಗರ್ಜಿಯಿಂದ ನೇರ ಬಂದು
ಹಲ್ಲಲ್ಲಿ ಪಿನ್ನು ಕಚ್ಚಿಕೊಂಡೇ ನನ್ನ ನೆರಿಗೆ ಹಿಡಿದಳು,
ಕಚ್ಚಿಕೊಂಡೇ ಬೈದಳು.
ಅವಳು ಬಾರದ ದಿನ ಶಮೀಮ್.
ಮಾದೇವಿ ತಾಂಡೇಲ ಮೀನು ಮಾರಿದ ಕೈ ತೊಳೆದು,
ಮೂಸಿ, ಮತ್ತೊಮ್ಮೆ ತೊಳೆದು,
ಸೆರಗಿಗೆ ಪಿನ್ನು ಚುಚ್ಚುವಾಗ
ನನ್ನ ಹೆಗಲಿಗೂ ಮೊನೆಗೂ ನಡುವೆ
ತನ್ನ ಬೆರಳನ್ನು ಅಡ್ಡ ಇಡುತ್ತಿದ್ದಳು.
ಒಂದು ಸಲ ಚುಚ್ಚಿತು.
ನನಗಲ್ಲ.

ದೀಪಾವಳಿಯ ಹೊತ್ತಿಗೆ ಐದು ಎಲೆ,
ಒಂದರಂತೆ ಒಂದಿಲ್ಲ.
ರೊಸಾಲಿನ್ ಬಾಯಿಯದು ಕಿಟಕಿಯ ಪರದೆಗೆ ಹೋಯಿತು;
ಎಷ್ಟೋ ವರ್ಷದಿಂದ ಕೂಡದ ಪರದೆ, ಈಗ ಕೂಡುತ್ತದೆ.
ಪ್ರತೀಕ್ಷಾಳದು ಶಾಲೆಯಲ್ಲಿ ಎರಡು ಪೆನ್ಸಿಲಿಗೆ ಮಾರಾಟವಾಯಿತಂತೆ.
ಶಮೀಮ್ ಪೊಟ್ಟಣವನ್ನೇ ಬಿಚ್ಚಿಲ್ಲ,
ಮದುವೆಗೆ ಎನ್ನುತ್ತಾಳೆ, ಯಾರದೆಂದು ಹೇಳುವುದಿಲ್ಲ.
ಮಾದೇವಿ ಸೊಂಟದ ದುಡ್ಡಿನ ಚೀಲಕ್ಕೆ
ಒಳಮುಖವಾಗಿ ಹಾಕಿಕೊಂಡಳು.
"ಯಾರಿಗೂ ಕಾಣೂದಿಲ್ಲವಲ್ಲೆ!"
"ನಂಗೆ ತಾಗ್ತದೆ" ಎಂದಳು.

ಬುದವಂತಿಗೆಂದು ಎತ್ತಿಟ್ಟದ್ದು ಎಲ್ಲಕ್ಕಿಂತ ಚೆಂದದ್ದು,
ಹುಳ ತಿಂದ ಕಪ್ಪೂ ಅದರ ಜಾಗದಲ್ಲೇ.
ಅವಳು ಅದನ್ನು ಬದಿಗಿಟ್ಟು, ಡಬ್ಬಿಯ ತಳ ಕೆದಕಿ,
ಶೆಟ್ಲಿಯನ್ನು ಎತ್ತಿಕೊಂಡಳು.
"ಇದು ಕೈ ನೋಯುವಾಗ ಮಾಡಿದ್ದು, ಅಲ್ಲಾ?"

ಮರು ರವಿವಾರ ಅವಳ ಕೊರಳಲ್ಲಿ ಹುಡುಕಿದೆ.
ಸರದ ಮೇಲೆ ಸರ, ಸರದ ಕೆಳಗೆ ಸರ.
ಸಿಗಲಿಲ್ಲ.
ಹರಿವೆ ಕಟ್ಟೊಂದನ್ನು ನನ್ನ ಬಲಗೈಗೇ ಹೊರಿಸಿ
ಕವಳದ ಬಾಯಲ್ಲಿ ನಕ್ಕು
"ಹುಡ್ಕು" ಅಂದಳು.